ಸೇಲ್ಸ್‌ಮನ್ ನಾಟಕ ಆಡಿಸುವುದು ಹೇಗೆ: ಮೊದಲು ಆಸೆ, ಆಮೇಲೆ ಜಗಳ

ಹವ್ಯಾಸಿ ತಂಡದ ಕೈಗೆ ಮನೆ ಜಗಳದ ನಾಟಕ ಕೊಟ್ಟು ನೋಡಿ. ಮೊದಲ ದಿನವೇ ಎಲ್ಲರೂ ಕಿರುಚಲು ಶುರು ಮಾಡುತ್ತಾರೆ. ಅಪ್ಪ ಟೇಬಲ್ ಕುಟ್ಟುತ್ತಾನೆ, ಮಗ ಕುರ್ಚಿ ಒದೆಯುತ್ತಾನೆ, ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಾಳೆ. ನೋಡುವವರಿಗೆ ಕಾಲು ಗಂಟೆಯಲ್ಲಿ ತಲೆನೋವು. ಆರ್ಥರ್ ಮಿಲ್ಲರ್ ಅವರ ‘ಡೆತ್ ಆಫ್ ಎ ಸೇಲ್ಸ್‌ಮನ್’ ನಾಟಕವನ್ನು ಹೀಗೆ ಆಡಿದರೆ ಎರಡನೇ ಅಂಕಕ್ಕೆ ಅರ್ಧ ಹಾಲ್ ಖಾಲಿಯಾಗುತ್ತದೆ.

ಕೊಡಗಿನ ಸುಂಟಿಕೊಪ್ಪದಲ್ಲಿ ಒಂದು ಚಿಕ್ಕ ತಂಡ ಕಟ್ಟಿಕೊಂಡು ನಾನು ಈ ನಾಟಕ ಆಡಿಸಿದ್ದೇನೆ. ಅದಕ್ಕೂ ಮುಂಚೆ ಮೆಡಿಕಲ್ ರೆಪ್ ಆಗಿದ್ದೆ. ಮಡಿಕೇರಿ, ಸೋಮವಾರಪೇಟೆ, ಗೋಣಿಕೊಪ್ಪ, ವಿರಾಜಪೇಟೆ ಅಂತ ಬ್ಯಾಗ್ ಹೊತ್ತು ಬಸ್ಸಲ್ಲಿ ತಿರುಗಿದವನು. ತಿಂಗಳ ಕೊನೆಯಲ್ಲಿ ಟಾರ್ಗೆಟ್ ಮುಟ್ಟದೆ ಮನೆಗೆ ಬಂದು, ಹೆಂಡತಿ ಕೇಳಿದರೆ ‘ಚೆನ್ನಾಗಿದೆ, ಚೆನ್ನಾಗಿದೆ’ ಅನ್ನುವುದು ಏನು ಅಂತ ನನಗೆ ಚೆನ್ನಾಗಿ ಗೊತ್ತು. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಅರ್ಧ ರಂಗದ್ದು, ಅರ್ಧ ಬ್ಯಾಗಿನದ್ದು.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ವಿಲ್ಲಿ ಲೋಮನ್‌ಗೆ 63 ವರ್ಷ. ಮನೆ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಸ್ಯಾಂಪಲ್ ಪೆಟ್ಟಿಗೆ ಹೊತ್ತು ಊರೂರು ತಿರುಗುವ ಕೆಲಸ. ಈಗೀಗ ಕಾರು ಓಡಿಸುವಾಗ ಮನಸ್ಸು ಎಲ್ಲೋ ಹೋಗಿಬಿಡುತ್ತದೆ. ಹೆಂಡತಿ ಲಿಂಡಾ. ದೊಡ್ಡ ಮಗ ಬಿಫ್‌ಗೆ 34 ವರ್ಷ. ಸ್ಕೂಲಲ್ಲಿ ಫುಟ್‌ಬಾಲ್ ಹೀರೊ ಆಗಿದ್ದವನು, ಗಣಿತದಲ್ಲಿ ಫೇಲ್ ಆದ ಮೇಲೆ ಎಲ್ಲೂ ನೆಲೆ ನಿಲ್ಲಲಿಲ್ಲ. ಚಿಕ್ಕವನು ಹ್ಯಾಪಿ. ಅಪ್ಪನಿಗೆ ಬಿಫ್ ಮೇಲೆ ಬೆಟ್ಟದಷ್ಟು ಆಸೆ. ಆ ಆಸೆ ಯಾಕೆ ಮುರಿಯಿತು ಅನ್ನುವುದು ಅಪ್ಪನಿಗೂ ಮಗನಿಗೂ ಮಾತ್ರ ಗೊತ್ತು. ಬಾಸ್ಟನ್ನಿನ ಹೋಟೆಲ್ ರೂಮಿನಲ್ಲಿ ಅಪ್ಪ ಬೇರೆ ಹೆಂಗಸಿನ ಜೊತೆ ಇದ್ದಾಗ ಮಗ ಬಾಗಿಲು ತಟ್ಟಿದ್ದ. ನಾಟಕ ಮೊದಲು ರಂಗಕ್ಕೆ ಬಂದದ್ದು 1949ರ ಫೆಬ್ರವರಿ 10ರಂದು, ನ್ಯೂಯಾರ್ಕಿನ ಮೊರೊಸ್ಕೊ ಥಿಯೇಟರ್‌ನಲ್ಲಿ. ಎಲಿಯಾ ಕಜಾನ್ ನಿರ್ದೇಶನ, 742 ಪ್ರದರ್ಶನ, ಅದೇ ವರ್ಷ ಪುಲಿಟ್ಜರ್ ಪ್ರಶಸ್ತಿ.

ಮೊದಲು ಬೇಜಾರಿನ ಕೆಲಸ ಮುಗಿಸಿಬಿಡಿ. ಮಿಲ್ಲರ್ ತೀರಿಕೊಂಡದ್ದು 2005ರಲ್ಲಿ. ನಮ್ಮ ದೇಶದಲ್ಲಿ ಬರೆದವರು ಹೋದ ಮೇಲೂ 60 ವರ್ಷ ಹಕ್ಕು ಉಳಿಯುತ್ತದೆ. ಟಿಕೆಟ್ ಇಟ್ಟು ಆಡುವುದಾದರೆ ಅನುಮತಿ ಬೇಕೇ ಬೇಕು. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಆಡಿದರೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಆದರೆ ಅನುವಾದದ ಹಕ್ಕು ಬೇರೆ. ಅದನ್ನೂ ಮೊದಲೇ ಕೇಳಿಕೊಳ್ಳಿ.

ಇನ್ನು ಪಾತ್ರ ಹಂಚುವುದು. ವಿಲ್ಲಿ ಪಾತ್ರಕ್ಕೆ ಮುದುಕರನ್ನು ಹುಡುಕುತ್ತಾ ಕೂರಬೇಡಿ. ಮೊದಲ ಪ್ರದರ್ಶನದಲ್ಲಿ ವಿಲ್ಲಿ ಆಗಿದ್ದ ಲೀ ಜೆ. ಕಾಬ್‌ಗೆ ಆಗ ಇನ್ನೂ 37. ಬೇಕಾದದ್ದು ನರೆತ ಕೂದಲಲ್ಲ, ಪೆಟ್ಟಿಗೆ ಕೆಳಗಿಡುವ ರೀತಿ. ನಾಟಕ ಶುರುವಾಗುವುದೇ ಅಲ್ಲಿಂದ. ವಿಲ್ಲಿ ರಾತ್ರಿ ಮನೆಗೆ ಬಂದು ಎರಡು ಪೆಟ್ಟಿಗೆ ಇಳಿಸಿ ಅಂಗೈ ಉಜ್ಜಿಕೊಳ್ಳುತ್ತಾನೆ. ನಿಮ್ಮ ನಟನಿಗೆ ಖಾಲಿ ಪೆಟ್ಟಿಗೆ ಕೊಡಬೇಡಿ. ನಾವು ಒಂದೊಂದರಲ್ಲೂ ಹಳೇ ಪುಸ್ತಕ ತುಂಬಿ, ರಿಹರ್ಸಲ್‌ಗೆ ಬರುವಾಗ ಬಸ್ ಸ್ಟ್ಯಾಂಡಿನಿಂದಲೇ ಹೊತ್ತು ತರಲು ಹೇಳುತ್ತಿದ್ದೆವು. ಸುಂಟಿಕೊಪ್ಪದ ಏರಿಗೆ ಆ ಭಾರ ಸಾಕು. ಬ್ಯಾಗ್ ಹೊತ್ತವನ ಬಲಭುಜ ಸ್ವಲ್ಪ ಇಳಿದಿರುತ್ತದೆ, ಬ್ಯಾಗ್ ಇಲ್ಲದಾಗಲೂ. ಇದನ್ನು ಅಭಿನಯಿಸಲು ಹೋದರೆ ಬರುವುದಿಲ್ಲ, ಹೊತ್ತೇ ಬರಬೇಕು.

ಹೊಂಬಣ್ಣದ ವಿಗ್ ಬೇಡ. 1983ರಲ್ಲಿ ಮಿಲ್ಲರ್ ತಾವೇ ಬೀಜಿಂಗ್‌ಗೆ ಹೋಗಿ ಚೀನಾದ ನಟರಿಂದ ಚೀನೀ ಭಾಷೆಯಲ್ಲಿ ಈ ನಾಟಕ ಮಾಡಿಸಿದಾಗ ವಿಗ್ ಹಾಕಿಸಲಿಲ್ಲ. ಹಾಗಂತ ವಿಲ್ಲಿಯನ್ನು ಕಾಫಿ ತೋಟದ ಮಾಲೀಕ ಮಾಡುವುದೂ ಬೇಡ. ‘ಸಾರ್, ನಮ್ಮ ಕೊಡಗಿಗೆ ಹೊಂದಿಸೋಣ’ ಅಂತ ಒಬ್ಬರಾದರೂ ಹೇಳುತ್ತಾರೆ. ಒಪ್ಪಬೇಡಿ. ವಿಲ್ಲಿಗೆ ತೋಟ ಇಲ್ಲ, ಗದ್ದೆ ಇಲ್ಲ, ಪಾಲು ಕೇಳುವ ಅಣ್ಣತಮ್ಮಂದಿರಿಲ್ಲ. ಇರುವುದು 25 ವರ್ಷದ ಸಾಲದ ಕಂತಿನ ಮನೆ ಒಂದೇ. ಆಸ್ತಿ ಬಂದ ತಕ್ಷಣ ಜಗಳ ಆಸ್ತಿಯದ್ದಾಗುತ್ತದೆ. ನಮ್ಮವರು ಆಮೇಲೆ ಬೇರೇನೂ ಕೇಳಿಸಿಕೊಳ್ಳುವುದಿಲ್ಲ.

ರಿಹರ್ಸಲ್‌ಗೆ ಮಳೆಗಾಲವೇ ಸರಿ. ಕಾಫಿ ಕೊಯ್ಲು ಶುರುವಾದರೆ ಯಾರೂ ಕೈಗೆ ಸಿಗುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಸಂಜೆ ಹೊತ್ತು ಜನ ಬಿಡುವಾಗಿರುತ್ತಾರೆ. ತೊಂದರೆ ಒಂದೇ, ನಮ್ಮ ಹಾಲ್‌ಗಳ ಮೇಲಿರುವುದು ಶೀಟು. ಮಳೆ ಬಿರುಸಾದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಆಗ ನಟರು ಗಂಟಲು ಏರಿಸುತ್ತಾರೆ. ಏರಿದ ಗಂಟಲು ಮಳೆ ನಿಂತ ಮೇಲೂ ಇಳಿಯುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಕೊಡವರ ಕೈಲ್ ಪೊಳ್ದ್ ಹಬ್ಬ ಮುಗಿದು ಬಿಸಿಲು ಬಂದಾಗಲೂ ವಿಲ್ಲಿ ಆಷಾಢದ ಮಳೆಗೆ ಕೂಗಿದ ಹಾಗೇ ಕೂಗುತ್ತಿರುತ್ತಾನೆ.

ಇದಕ್ಕೆ ನಾವು ಕಂಡುಕೊಂಡ ದಾರಿ ಇದು. ಮಳೆ ಜೋರಾದ ತಕ್ಷಣ ಮಾತು ಬಂದ್. ಸೀನ್ ನಿಲ್ಲಿಸಬೇಡಿ, ಬರೀ ಮಾತು ನಿಲ್ಲಿಸಿ. ಅದೇ ಸೀನನ್ನು ಬಾಯಿ ಮುಚ್ಚಿಕೊಂಡು ಆಡಿ. ಯಾರು ಯಾರ ಕಡೆ ನೋಡುತ್ತಾರೆ, ಯಾರು ನೋಡುವುದನ್ನು ತಪ್ಪಿಸುತ್ತಾರೆ, ಎಲ್ಲ ಎದ್ದು ಕಾಣುತ್ತದೆ. ಬಿಫ್ ನಾಟಕದ ಮುಕ್ಕಾಲು ಪಾಲು ಅಪ್ಪನ ಮುಖ ನೋಡುವುದಿಲ್ಲ, ಅಮ್ಮನ ಮೂಲಕ ಅಪ್ಪನನ್ನು ನೋಡುತ್ತಾನೆ. ನಮಗೆ ಇದು ಗೊತ್ತಾದದ್ದು ಮಳೆಯಿಂದಲೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಈ ನಾಟಕದಲ್ಲಿ ಒಂದೊಂದು ಜಗಳಕ್ಕೂ ಸ್ವಲ್ಪ ಮುಂಚೆ ಒಂದು ಆಸೆ ಚಿಗುರಿರುತ್ತದೆ. ಆ ಆಸೆಯನ್ನು ಕಲಿಸದೆ ಜಗಳ ಕಲಿಸಬೇಡಿ. ಜಗಳದ ಸೀನ್ ಬಂದಾಗಲೆಲ್ಲ ನಟರ ಕೈಗೆ ಒಂದು ಚೀಟಿ ಕೊಡಿ. ‘ಹತ್ತು ನಿಮಿಷದ ಹಿಂದೆ ನನಗೆ ಏನು ಸಿಗುತ್ತೆ ಅಂತ ಅನ್ನಿಸಿತ್ತು?’ ಅಂತ ಬರೆಯಲು ಹೇಳಿ, ಒಂದೇ ಸಾಲು. ‘ನನಗೆ ಅಪ್ಪನ ಮೇಲೆ ಕೋಪ’ ಅಂತ ಬರೆದರೆ ವಾಪಸ್ ಕೊಡಿ. ‘ಇವತ್ತಾದರೂ ಅಪ್ಪ ನನ್ನ ಮಾತು ಪೂರ್ತಿ ಕೇಳುತ್ತಾರೆ’ ಅಂತ ಬರೆದರೆ ಸೀನ್ ಶುರು ಮಾಡಿ.

ಮೊದಲ ಅಂಕದ ಕೊನೆಯ ಸೀನನ್ನೇ ತೆಗೆದುಕೊಳ್ಳಿ. ನಾವು ಇದರ ಮೇಲೆ ಕೂತಷ್ಟು ಬೇರೆ ಯಾವುದರ ಮೇಲೂ ಕೂತಿಲ್ಲ. ಅಪ್ಪ-ಮಗ ಕಾದಾಡುತ್ತಿರುವಾಗ ಹ್ಯಾಪಿ ಮಧ್ಯೆ ಬಾಯಿ ಹಾಕಿ, ಬಿಫ್ ನಾಳೆ ತನ್ನ ಹಳೇ ಧಣಿ ಬಿಲ್ ಆಲಿವರ್ ಹತ್ತಿರ ದುಡ್ಡು ಕೇಳಲು ಹೋಗುತ್ತಾನೆ, ಅಣ್ಣತಮ್ಮ ಸೇರಿ ಆಟದ ಸಾಮಾನಿನ ವ್ಯಾಪಾರ ಮಾಡುತ್ತೇವೆ ಅನ್ನುತ್ತಾನೆ. ಅಷ್ಟೇ, ಮನೆಯ ಗಾಳಿಯೇ ಬದಲಾಗುತ್ತದೆ. ವಿಲ್ಲಿ ಬುದ್ಧಿ ಹೇಳಲು ಶುರು ಮಾಡುತ್ತಾನೆ. ಗಂಭೀರವಾಗಿ ಹೋಗು, ಜೋಕ್ ಹೊಡೆಯಬೇಡ, ಸೂಟ್ ಹಾಕು. ಹದಿನೈದು ಸಾವಿರಕ್ಕಿಂತ ಕಡಿಮೆ ಕೇಳಬೇಡ. ಎರಡು ನಿಮಿಷ ಆದ ಮೇಲೆ ಅದೇ ಬಾಯಲ್ಲಿ, ನಗುನಗುತ್ತಾ ಹೋಗು, ಒಂದೆರಡು ತಮಾಷೆ ಕಥೆ ಹೇಳಿ ಶುರು ಮಾಡು ಅನ್ನುತ್ತಾನೆ! ಪ್ರೇಕ್ಷಕರು ಇಲ್ಲಿ ನಗಬೇಕು. ನಗದಿದ್ದರೆ ನೀವು ಆಸೆಯನ್ನು ಸರಿಯಾಗಿ ಆಡಿಸಿಲ್ಲ ಅಂತ ಅರ್ಥ. ನಮ್ಮ ಮೆಡಿಕಲ್ ರೆಪ್ ಮೀಟಿಂಗ್‌ಗಳಲ್ಲಿ ಮ್ಯಾನೇಜರ್‌ಗಳು ಹೀಗೇ ಹೇಳುತ್ತಿದ್ದರು. ಡಾಕ್ಟರ ಹತ್ತಿರ ಜಾಸ್ತಿ ಮಾತಾಡಬೇಡಿ, ಆದರೆ ಎಲ್ಲ ಪ್ರಾಡಕ್ಟ್ ಬಗ್ಗೆಯೂ ಹೇಳಿ.

ಈ ಖುಷಿಯ ಮಧ್ಯೆ ಲಿಂಡಾ ಕೂಡ ಒಂದೊಂದು ಮಾತು ಸೇರಿಸುತ್ತಾಳೆ. ಆಲಿವರ್‌ಗೆ ನಮ್ಮ ಬಿಫ್ ಅಂದರೆ ಪ್ರೀತಿ, ಅಂತ. ವಿಲ್ಲಿ ಅವಳ ಮೇಲೆ ರೇಗುತ್ತಾನೆ. ಮಧ್ಯೆ ಬಾಯಿ ಹಾಕಬೇಡ ಅಂತ ಮತ್ತೆ ಮತ್ತೆ. ಬಿಫ್‌ಗೆ ತಡೆಯಲು ಆಗುವುದಿಲ್ಲ, ಅಮ್ಮನ ಮೇಲೆ ಯಾಕೆ ಕೂಗ್ತೀರಿ ಅನ್ನುತ್ತಾನೆ. ಆಸೆ ಅಲ್ಲೇ ಮುರಿಯಿತು. ಗಮನಿಸಿ, ಇಲ್ಲಿ ಯಾರಿಗೂ ಜಗಳ ಬೇಕಿರಲಿಲ್ಲ. ನಾಲ್ಕೂ ಜನ ಒಂದೇ ಕಡೆ ಇದ್ದರು.

ಆಡಿಸುವಾಗ ಲಿಂಡಾ ಕೈಗೆ ಕೆಲಸ ಕೊಡಿ. ನಮ್ಮ ಲಿಂಡಾ ಟೈಲರಿಂಗ್ ಮಾಡುವ ಅಕ್ಕ ಒಬ್ಬರು. ಜುಲೈ ತಿಂಗಳು, ಮನೆಯಲ್ಲಿ ಒಣಗದ ಬಟ್ಟೆ ರಾಶಿ. ಅದನ್ನೇ ಬುಟ್ಟಿಯಲ್ಲಿ ತಂದು ಮಡಚುತ್ತಾ ಆಡಿದರು. ವಿಲ್ಲಿ ಮೊದಲ ಸಲ ರೇಗಿದಾಗ ಕೈ ನಿಲ್ಲಲಿಲ್ಲ. ಎರಡನೇ ಸಲ, ಮಡಚಿದ ಅಂಗಿಯನ್ನು ಬಿಚ್ಚಿ ಮತ್ತೆ ಮಡಚಿದರು. ನಾನು ಹೇಳಿಕೊಟ್ಟದ್ದಲ್ಲ. ‘ಅಕ್ಕ, ಇದನ್ನು ಇಟ್ಟುಕೊಳ್ಳಿ’ ಅಂದೆ ಅಷ್ಟೆ. ಕಣ್ಣೀರು ಬೇಡವೇ ಬೇಡ. ಲಿಂಡಾ ಅಳುಮುಂಜಿ ಅಲ್ಲ. ಗಂಡ ಸಾಯುವ ಯೋಚನೆಯಲ್ಲಿದ್ದಾನೆ ಅಂತ ಮಕ್ಕಳಿಗೆ ನೇರವಾಗಿ ಹೇಳುವ ಹೆಂಗಸು ಅವಳು. ಮನೆಯಲ್ಲಿ ಸುಳ್ಳು ಉಳಿಯಲಿ ಅಂತ ಕಾಪಾಡುವವಳೂ ಅವಳೇ. ಇವೆರಡೂ ಒಂದೇ ಮುಖದಲ್ಲಿ ಇರಬೇಕು.

ಹ್ಯಾಪಿಯನ್ನು ಮರೆಯಬೇಡಿ. ತಂಡದಲ್ಲಿ ಎಲ್ಲರೂ ಮರೆಯುತ್ತಾರೆ, ನಾಟಕದಲ್ಲಿ ಅಪ್ಪನೂ ಮರೆಯುತ್ತಾನೆ. ಚಿಕ್ಕವನಿದ್ದಾಗ ‘ಅಪ್ಪಾ, ನಾನು ಸಣ್ಣ ಆಗಿದ್ದೀನಿ ನೋಡಿ’ ಅನ್ನುತ್ತಿದ್ದ. ದೊಡ್ಡವನಾದ ಮೇಲೆ ‘ಅಮ್ಮಾ, ನಾನು ಮದುವೆ ಆಗ್ತೀನಿ’ ಅನ್ನುತ್ತಾನೆ. ಎರಡನ್ನೂ ಯಾರೂ ಕೇಳಿಸಿಕೊಳ್ಳುವುದಿಲ್ಲ. ಹ್ಯಾಪಿ ಮಾಡುವವರಿಗೆ ಒಂದೇ ಸೂಚನೆ ಕೊಡಿ: ಈ ಮಾತು ಹೇಳಿದ ಮೇಲೆ ಉತ್ತರಕ್ಕೆ ಕಾಯಿರಿ. ಉಳಿದವರಿಗೆ ಸೂಚನೆ: ಕಾಯಿಸಿ.

ಮನೆಯ ಸೀನ್‌ಗಳು ಪುಸ್ತಕ ಓದಿದ ಹಾಗೆ ಬರುತ್ತಿದ್ದರೆ ಹೀಗೆ ಮಾಡಿ. ಒಂದು ಸಲ ಅದೇ ಜಗಳವನ್ನು ಅವರವರ ಮನೆ ಭಾಷೆಯಲ್ಲಿ ಆಡಲಿ. ನಮ್ಮಲ್ಲಿ ಅಪ್ಪ ಅರೆಭಾಷೆಯಲ್ಲಿ ಬಯ್ದರೆ ಮಗ ಕೊಡವ ತಕ್ಕ್‌ನಲ್ಲಿ ತಿರುಗಿಸಿದ, ಹ್ಯಾಪಿ ಮಲಯಾಳದಲ್ಲಿ ಸಮಾಧಾನ ಮಾಡಿದ. ನಕ್ಕು ನಕ್ಕು ಸಾಕಾಯಿತು. ಆದರೆ ಮನೆ ಭಾಷೆಗೆ ಬಂದ ತಕ್ಷಣ ದನಿ ತಾನಾಗೇ ಇಳಿಯಿತು. ಮನೆಯಲ್ಲಿ ಯಾರೂ ಮೈಕ್ ಮುಂದೆ ನಿಂತ ಹಾಗೆ ಜಗಳ ಆಡುವುದಿಲ್ಲ ಅಲ್ವಾ? ಆ ದನಿಯನ್ನು ಹಿಡಿದುಕೊಂಡು ಆಮೇಲೆ ಕನ್ನಡದ ಮಾತಿಗೆ ಬನ್ನಿ.

ಹವರ್ಡ್ ಸೀನ್ ನನಗೆ ತುಂಬಾ ಹತ್ತಿರದ್ದು. ವಿಲ್ಲಿ ತನ್ನ ಹಳೇ ಧಣಿಯ ಮಗನ ಮುಂದೆ ನಿಂತು, ಇನ್ನು ತಿರುಗಲು ಆಗುವುದಿಲ್ಲ, ಊರಲ್ಲೇ ಕೆಲಸ ಕೊಡಿ ಅನ್ನುತ್ತಾನೆ. ವಾರಕ್ಕೆ 65 ಡಾಲರ್ ಕೇಳುತ್ತಾನೆ, ಆಮೇಲೆ 50, ಕೊನೆಗೆ 40. ಹವರ್ಡ್‌ನನ್ನು ವಿಲನ್ ಮಾಡಬೇಡಿ. ಅವನಿಗೆ ಹೊಸ ರೆಕಾರ್ಡಿಂಗ್ ಮೆಷಿನ್ ಬಂದಿದೆ, ಮಗಳ ಶಿಳ್ಳೆ, ಮಗನ ಬಾಯಿಪಾಠ ಕೇಳಿಸುವ ಉತ್ಸಾಹ. ಬಯ್ಯುವ ಮ್ಯಾನೇಜರ್‌ನನ್ನು ತಡೆದುಕೊಳ್ಳಬಹುದು. ನಿಮ್ಮ ಮಾತಿನ ಮಧ್ಯೆ ಮಗುವಿನ ವಿಡಿಯೊ ತೋರಿಸುವವನನ್ನು ಏನು ಮಾಡುತ್ತೀರಿ? ನಗಲೇಬೇಕು. ವಿಲ್ಲಿಯೂ ‘ಚೆನ್ನಾಗಿದೆ’ ಅನ್ನುತ್ತಾನೆ. ಮೂರು ಸಂಖ್ಯೆಗಳಿಗೂ ಮೂರು ಬೇರೆ ದನಿ ಬೇಕು. 65 ಅನ್ನುವಾಗ ಇನ್ನೂ ಚೌಕಾಸಿ ಮಾಡುವ ವ್ಯಾಪಾರಿ, 50ಕ್ಕೆ ನೆಂಟ, 40ಕ್ಕೆ ಬೇಡುವವನು. ಹವರ್ಡ್ ಹೊರಗೆ ಹೋದ ಮೇಲೆ ಆ ಮೆಷಿನ್ ವಿಲ್ಲಿಯ ಕೈ ತಾಗಿ ತಾನೇ ಮಾತಾಡಲು ಶುರು ಮಾಡುತ್ತದೆ. ಆ ಮಗುವಿನ ದನಿಯನ್ನು ಮೊದಲೇ ರೆಕಾರ್ಡ್ ಮಾಡಿಟ್ಟುಕೊಳ್ಳಿ. ವೇದಿಕೆ ಪಕ್ಕದಲ್ಲಿ ಮಗುವನ್ನು ನಿಲ್ಲಿಸಿ ಹೇಳಿಸಿದರೆ ಕೆಡುತ್ತದೆ.

ನೆನಪು ಯಾವುದು, ಈಗಿನದು ಯಾವುದು ಅಂತ ತೋರಿಸಲು ದುಬಾರಿ ಸೆಟ್ ಬೇಡ. ಮಿಲ್ಲರ್ ಉಪಾಯ ಸುಲಭದ್ದು. ಈಗಿನ ಸೀನ್‌ನಲ್ಲಿ ನಟರು ಇಲ್ಲದ ಗೋಡೆಯನ್ನು ಇದೆ ಅಂದುಕೊಂಡು ಬಾಗಿಲಿಂದಲೇ ಓಡಾಡಬೇಕು. ಹಳೆಯ ಸೀನ್‌ನಲ್ಲಿ ಗೋಡೆ ದಾಟಿಯೇ ಮುಂದೆ ಬರಬೇಕು. ನಾವು ನೆಲದ ಮೇಲೆ ತೆಂಗಿನ ಹಗ್ಗ ಎಳೆದು ಗೋಡೆ ಮಾಡಿದೆವು. ಪ್ರೇಕ್ಷಕರಿಗೆ ಎರಡನೇ ಸಲಕ್ಕೇ ಅರ್ಥ ಆಗುತ್ತದೆ. ಲೈಟಿಗೆ ಹಳದಿ ಕಾಗದ ಸಾಕು. ಕರೆಂಟ್ ನಂಬಬೇಡಿ, ಜನರೇಟರ್ ಹೇಳಿಡಿ.

ಊಟದ ಹೋಟೆಲ್ ಸೀನ್‌ನಲ್ಲಿ ಬಿಫ್ ನಿಜ ಹೇಳಲು ಬಂದಿರುತ್ತಾನೆ. ಆಲಿವರ್‌ಗೆ ತನ್ನ ಗುರುತೇ ಸಿಗಲಿಲ್ಲ, ತಾನು ಅವನ ಪೆನ್ನು ಕದ್ದು ಬಂದೆ. ಅಪ್ಪ ತನ್ನ ಕೆಲಸ ಹೋಯಿತು ಅನ್ನುತ್ತಾನೆ, ಒಳ್ಳೇ ಸುದ್ದಿ ಬೇಕು ಅನ್ನುತ್ತಾನೆ. ಇಲ್ಲಿ ವೇಗ ಮುಖ್ಯ, ಬೇರೇನೂ ಇಲ್ಲ. ಓಡಿಸಿ.

ಕೊನೆಯ ಜಗಳಕ್ಕೆ ಮಾತ್ರ ಪೂರ್ತಿ ಸಮಯ ಕೊಡಿ. ಅಪ್ಪ ಸಾಯಲೆಂದು ಬಚ್ಚಿಟ್ಟಿದ್ದ ರಬ್ಬರ್ ಪೈಪನ್ನು ಬಿಫ್ ಟೇಬಲ್ ಮೇಲೆ ಇಡುತ್ತಾನೆ. ಎಸೆಯಬಾರದು, ಇಡಬೇಕು. ನಾವು ಏನೂ ಅಲ್ಲ ಅಪ್ಪಾ, ನಮ್ಮಂಥವರು ರಾಶಿ ಜನ ಇದ್ದಾರೆ, ಆ ಸುಳ್ಳು ಕನಸು ಬಿಟ್ಟುಬಿಡಿ ಅನ್ನುತ್ತಾನೆ. ಹೇಳುತ್ತಾ ಅಪ್ಪನನ್ನು ಹಿಡಿದುಕೊಂಡು ಅತ್ತುಬಿಡುತ್ತಾನೆ. ಇಡೀ ಮಾತಿನಲ್ಲಿ ವಿಲ್ಲಿಗೆ ಕೇಳಿಸುವುದು ಆ ಅಳು ಒಂದೇ. ಮಗನಿಗೆ ನನ್ನ ಮೇಲೆ ಪ್ರೀತಿ ಇದೆ! ಅವನ ಮುಖ ಅರಳಬೇಕು. ನಾಟಕದಲ್ಲಿ ವಿಲ್ಲಿ ಅತಿ ಖುಷಿಯಾಗಿರುವ ಗಳಿಗೆ ಇದು, ಆ ಖುಷಿಯಲ್ಲೇ ಸಾಯಲು ಹೊರಡುತ್ತಾನೆ. ಇನ್ಶೂರೆನ್ಸ್‌ನ 20,000 ಡಾಲರ್ ಮಗನ ಕೈಗೆ ಬಂದರೆ ಅವನು ಎಲ್ಲಿಗೋ ಹೋಗುತ್ತಾನೆ ಅಂತ. ದುಃಖದ ಮುಖ ಮಾಡಿಕೊಂಡು ಹೊರಟ ವಿಲ್ಲಿಯನ್ನು ನಾನು ಒಪ್ಪುವುದಿಲ್ಲ. ಈ ಸೀನನ್ನು ಮೊದಲು ಪಿಸುಮಾತಿನಲ್ಲಿ ಆಡಿಸಿ, ಅಪ್ಪ-ಮಗ ಒಬ್ಬರ ಕಿವಿ ಒಬ್ಬರಿಗೆ ಸಿಗುವಷ್ಟು ಹತ್ತಿರ ಕೂತು. ದನಿ ಆಮೇಲೆ ಸೇರಿಸಿ, ಬೇಕಾದಷ್ಟೇ.

ಇದು ಪರದೇಶದ ಕಥೆ, ನಮಗೆ ಬರುವುದಿಲ್ಲ ಅನ್ನುವ ನಟರಿಗೆ ನಾನು ಯಯಾತಿ ಕಥೆ ಹೇಳುತ್ತೇನೆ. ನಮ್ಮ ಹರದಾಸ ಅಪ್ಪಚ್ಚ ಕವಿ ಕೊಡವ ಭಾಷೆಯಲ್ಲಿ ನಾಟಕ ಬರೆಯಲು ಹೊರಟಾಗ ಯಯಾತಿಯನ್ನೇ ಎತ್ತಿಕೊಂಡರು. ಅಪ್ಪ ಮಗನ ಯೌವನ ಕೇಳಿ ಪಡೆದುಕೊಂಡ ಕಥೆ. ವಿಲ್ಲಿ ತಿರುಗಾಮುರುಗಾ: ಮಗ ಕೇಳದೆಯೇ ತನ್ನ ಸಾವನ್ನು ಕೊಡುತ್ತಾನೆ. ಎರಡು ಕಡೆಯೂ ಅಪ್ಪನ ಆಸೆಗೆ ಮಗ ಸಾಲ ಹೊತ್ತ ಹಾಗಾಯಿತು. ಇದನ್ನು ಹೇಳಿದ ಮೇಲೆ ನಮ್ಮ ಬಿಫ್ ಆ ತಬ್ಬುವಿಕೆಯನ್ನು ಬೇರೆ ಥರ ಮಾಡಿದ. ತಬ್ಬಿಕೊಂಡ ಮೇಲೆ ಕೈ ಬಿಡಿಸಿಕೊಳ್ಳಲು ನೋಡಿದ.

ನಮ್ಮ ಕಡೆಯ ಪ್ರೇಕ್ಷಕರು ಒಂದು ಜಾಗದಲ್ಲಿ ನಿಮಗೆ ಆಶ್ಚರ್ಯ ಕೊಡುತ್ತಾರೆ, ತಯಾರಾಗಿರಿ. ಬಿಫ್ ಟೆಕ್ಸಾಸ್‌ನಲ್ಲಿ ಕುದುರೆ ಮರಿಗಳ ಮಧ್ಯೆ ವಾರಕ್ಕೆ 28 ಡಾಲರ್‌ಗೆ ದುಡಿಯುತ್ತಾನೆ. ಅಪ್ಪನಿಗೆ ಅದು ಅವಮಾನ. ನ್ಯೂಯಾರ್ಕಿನವರಿಗೆ ಹೇಗೋ ಗೊತ್ತಿಲ್ಲ, ನಮ್ಮ ಹಾಲ್‌ನಲ್ಲಿ ಆ ಮಾತಿಗೆ ಹಿಂದಿನ ಸಾಲಿನಿಂದ ‘ಮಣ್ಣಿನ ಕೆಲಸ ಮಾಡಿದರೆ ಏನು ತಪ್ಪು?’ ಅಂತ ಒಬ್ಬರು ಜೋರಾಗೇ ಕೇಳಿದರು. ಮಗ ಬೆಂಗಳೂರಿಗೆ ಹೋದ, ತೋಟ ನೋಡುವವರಿಲ್ಲ ಅಂತ ಕೂತಿರುವ ಅಪ್ಪಂದಿರು ಇಲ್ಲಿ ಎಷ್ಟಿಲ್ಲ. ತೋಟದಲ್ಲೇ ಇರುತ್ತೇನೆ ಅಂದ ಮಗನಿಗೆ ಹೆಣ್ಣು ಸಿಗುತ್ತಿಲ್ಲ ಅಂತ ಬಯ್ಯುವವರೂ ಇದ್ದಾರೆ. ಆ ಕುದುರೆ ಮರಿಗಳ ಮಾತನ್ನು ಬಿಫ್ ಆತುರದಲ್ಲಿ ಹೇಳಿ ಮುಗಿಸಬಾರದು. ನಮ್ಮಲ್ಲಿ ಅದೇ ನಾಟಕದ ಬಾಗಿಲು.

ರಿಹರ್ಸಲ್‌ನಲ್ಲಿ ಅವರವರ ಮನೆ ಕಥೆ ಹೊರಗೆ ಬರುತ್ತದೆ. ಬಂದರೆ ಟೀ ಹೊತ್ತಿಗೆ ಮಾತಾಡಲಿ, ಹಗ್ಗದ ಗೋಡೆ ಒಳಗೆ ಬೇಡ ಅಂತ ನಿಯಮ ಮಾಡಿ. ನಿಜವಾದ ಅಪ್ಪ-ಮಗನನ್ನು ವಿಲ್ಲಿ-ಬಿಫ್ ಮಾಡಲೇಬೇಡಿ, ಎಷ್ಟೇ ಒಳ್ಳೇ ನಟರಾಗಿರಲಿ. ಆತ್ಮಹತ್ಯೆಯ ವಿಷಯ ಇರುವುದರಿಂದ ಶುರುವಿನಲ್ಲೇ ಪ್ರೇಕ್ಷಕರಿಗೆ ಒಂದು ಮಾತು ಹೇಳಿ. ಬಾಗಿಲ ಹತ್ತಿರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಬರೆದು ಅಂಟಿಸಿ.

ಕೊನೆಯ ಸಮಾಧಿ ಸೀನ್ ಚಿಕ್ಕದು. ಮನೆಯವರು, ಪಕ್ಕದ ಮನೆಯ ಚಾರ್ಲಿ, ಅವನ ಮಗ ಬಿಟ್ಟರೆ ಯಾರೂ ಬಂದಿಲ್ಲ. ಲಿಂಡಾ ಮನೆಯ ಕೊನೇ ಕಂತು ಇವತ್ತು ಕಟ್ಟಿದೆ ಅನ್ನುತ್ತಾಳೆ. ಲೆಕ್ಕ ಒಪ್ಪಿಸುವ ದನಿಯಲ್ಲಿ ಹೇಳಿಸಿ.

ಪೂರ್ತಿ ಆಡಿದರೆ ನಾಟಕ ಎರಡೂವರೆ ಗಂಟೆ ದಾಟುತ್ತದೆ. ನಮ್ಮಲ್ಲಿ ರಾತ್ರಿ ಕೊನೇ ಬಸ್ ತಪ್ಪಿದರೆ ಜೀಪ್ ಬಾಡಿಗೆ. ಸೋಮವಾರಪೇಟೆ ಕಡೆಯವರು ಮಧ್ಯದಲ್ಲೇ ಎದ್ದು ಹೋಗುತ್ತಾರೆ. ಹಾಗಾಗಿ ಕತ್ತರಿ ಹಾಕಲೇಬೇಕು. ಊಟದ ಹೋಟೆಲಿನ ಹುಡುಗಿಯರ ಮಾತು ಅರ್ಧಕ್ಕೆ ಇಳಿಸಿ. ಚಾರ್ಲಿ ಆಫೀಸಿನ ಶುರುವಿನ ಹರಟೆ ತೆಗೆಯಿರಿ. ವಿಲ್ಲಿಯ ಅಣ್ಣ ಬೆನ್‌ನ ಆಫ್ರಿಕಾ ಕಥೆಗಳಲ್ಲಿ ಒಂದನ್ನು ಬಿಡಬಹುದು. ಆದರೆ ಚಾರ್ಲಿ ಮಗ ಬರ್ನಾರ್ಡ್ ವಿಲ್ಲಿಯನ್ನು ಬಾಸ್ಟನ್‌ನಲ್ಲಿ ಏನಾಯಿತು ಅಂತ ಕೇಳುವ ಜಾಗ ಮುಟ್ಟಬೇಡಿ. ವಿಲ್ಲಿ ಅಲ್ಲಿ ಉತ್ತರ ಕೊಡದೆ ರೇಗುತ್ತಾನೆ. ಆ ರೇಗುವಿಕೆ ಇಲ್ಲದಿದ್ದರೆ ಆಮೇಲೆ ಬರುವ ಬಾಸ್ಟನ್ ಹೋಟೆಲ್ ರೂಮಿನ ಸೀನ್ ಆಕಾಶದಿಂದ ಉದುರಿದ ಹಾಗಿರುತ್ತದೆ. ಆರಕ್ಕೆ ಶುರು ಅಂತ ಹ್ಯಾಂಡ್‌ಬಿಲ್‌ನಲ್ಲಿ ಹಾಕಿ, ಐದೂವರೆಗೇ ಬೆಲ್ ಹೊಡೆಯಿರಿ.